ಒಂದೇ ಮುಖಕ್ಕೆ ಎರಡು ಖಾತೆ

ಗಂಡನ ಮನೆ ಬಿಟ್ಟು ಹೊರಟಾಗ ಅವಳ ಜೊತೆ ಇಬ್ಬರು ಬಂದರು. ಒಬ್ಬಳು ಮಗಳು ಪುಟ್ಟಿ. ಇನ್ನೊಬ್ಬರು ಅತ್ತೆ, ಗಂಡನನ್ನು ಹೆತ್ತ ತಾಯಿ.

ಕೇಳಿದವರು ಯಾರೂ ಇದನ್ನು ನಂಬುತ್ತಿರಲಿಲ್ಲ. ಸೊಸೆಯ ಪರ ಅತ್ತೆ ಎರಡು ಮಾತಾಡುವುದುಂಟು, ಹೆಚ್ಚೆಂದರೆ ಅಡುಗೆಮನೆಯಲ್ಲಿ ಕೂತು ಜೊತೆಗೆ ಕಣ್ಣು ಒರೆಸಿಕೊಳ್ಳುವುದುಂಟು. ಹೆತ್ತ ಮಗನನ್ನು ಬಿಟ್ಟು ಸೊಸೆಯ ಹಿಂದೆ ಬ್ಯಾಗು ಹಿಡಿದು ಹೊರಡುವುದೆಂದರೇನು? ಆದರೆ ಆ ದಿನ ಮಗ ಕೆಲಸಕ್ಕೆ ಹೋದ ಮೇಲೆ, ಸೊಸೆ ಮಗುವಿನ ಬಟ್ಟೆ ತುಂಬುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದ ಅತ್ತೆ "ಎಲ್ಲಿಗೆ?" ಎಂದು ಕೇಳಲೇ ಇಲ್ಲ.

"ನನ್ನ ಬಿಪಿ ಮಾತ್ರೆ ಡಬ್ಬಿನೂ ಇಟ್ಕೊ" ಎಂದರು.

"ನೀವ್ಯಾಕೆ ಅತ್ತೆ? ನಿಮ್ಮ ಮಗ..."

"ನೀನು ಹೋದ್ಮೇಲೆ ಅವ್ನ ಕೈ ಸುಮ್ನಿರತ್ತಾ? ಮುಂದಿನ ಸರದಿ ನಂದೇ. ಅವ್ನಪ್ಪನ ಕಾಲದಲ್ಲೇ ನಾನು ಹೊರಡಬೇಕಿತ್ತು. ಆಗ ಧೈರ್ಯ ಬರ್ಲಿಲ್ಲ. ಈಗ ಜೊತೆಗೆ ನೀನಿದೀಯಲ್ಲ."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೊರಗಿನವರ ಬಾಯಲ್ಲಿ ಬಂಗಾರದಂಥ ಮನುಷ್ಯ. ಮದುವೆಯಾದ ಹೊಸದರಲ್ಲಿ "ಎಲ್ಲಿದೀಯ, ಒಂದು ಫೋಟೋ ಕಳ್ಸು" ಎಂದು ಮೆಸೇಜು ಮಾಡುತ್ತಿದ್ದ. ಪ್ರೀತಿ ಹೆಚ್ಚಾಗಿದೆ ಎಂದುಕೊಂಡು ಅವಳು ನಗುತ್ತ ಕಳಿಸುತ್ತಿದ್ದಳು. ಬರುಬರುತ್ತ ಅದು ಕಟ್ಟಪ್ಪಣೆಯಾಯಿತು. ತರಕಾರಿ ಅಂಗಡಿ, ಬಸ್ ನಿಲ್ದಾಣ, ಆಸ್ಪತ್ರೆಯ ಸಾಲು, ತವರಿನ ಹಿತ್ತಲು, ಎಲ್ಲಿದ್ದರೂ ಕೇಳಿದ ತಕ್ಷಣ ಫೋಟೋ ಹೋಗಬೇಕು, ಹಿಂದಿನ ಗೋಡೆ ಕಾಣಬೇಕು. ತಡವಾದರೆ ಮನೆಯಲ್ಲಿ ವಿಚಾರಣೆ. ವಿಚಾರಣೆ ಏಟಿನಲ್ಲಿ ಮುಗಿಯುತ್ತಿತ್ತು. ಅಂಥದ್ದೇ ಒಂದು ಏಟಿಗೆ ಅವಳ ಎಡಗಿವಿ ಮಂದವಾಗಿ, ಆಮೇಲೆ ಸರಿಹೋಗಲೇ ಇಲ್ಲ.

ಹೊಸ ಊರಿನಲ್ಲಿ ಅವಳಿಗೆ ಹಲ್ಲಿನ ಸೆಟ್ಟು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಗೆ ಮೊದಲು ಕಲಿತಿದ್ದ ಕೆಲಸ. ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು, ಸಣ್ಣ ಚಾಕುವನ್ನು ದೀಪದಲ್ಲಿ ಕಾಯಿಸಿ, ಗುಲಾಬಿ ಮೇಣದಲ್ಲಿ ಒಸಡು ತಿದ್ದಿ ಒಂದೊಂದೇ ಹಲ್ಲು ಕೂರಿಸಬೇಕು. ಅಲ್ಲಿ ಯಾರಿಗೂ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ. ಮೇಣದ ಕೆಲಸದವಳಾದ್ದರಿಂದ ಎಲ್ಲರೂ 'ಮೇಣದಕ್ಕ' ಎಂದು ಕರೆಯುತ್ತಿದ್ದರು. ಅದು ಅವಳಿಗೂ ಅನುಕೂಲವೇ ಆಯಿತು.

ವಿಚ್ಛೇದನದ ಕೇಸು ಹಿಡಿದಿದ್ದ ವಕೀಲೆ ವಯಸ್ಸಾದ ಹೆಂಗಸು. ಮಾತು ಒರಟು, ಮನಸ್ಸು ಮೆತ್ತಗೆ. ಸೊಸೆ ತನ್ನ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎಲ್ಲ ಮುಚ್ಚಿದ್ದೇನೆ ಎಂದಾಗ ವಕೀಲೆ ತಲೆಯಾಡಿಸಿದರು.

"ನೀನು ಮುಚ್ಚಿದ್ರೆ ಸಾಕೇನಮ್ಮ? ಊರವ್ರೆಲ್ಲ ತೆಗೆಯೋ ಫೋಟೋದಲ್ಲಿ ನೀನು ಹಿಂದೆ ಎಲ್ಲೋ ನಿಂತಿರ್ತೀಯ. ಅದಕ್ಕೇನು ಮಾಡ್ತೀಯ?"

ಹಾಗೆಂದು ಒಂದು ಆ್ಯಪು ತೋರಿಸಿಕೊಟ್ಟರು. ಅದಕ್ಕೆ ನಮ್ಮ ಮುಖವನ್ನು ನಾಲ್ಕೈದು ಕಡೆಯಿಂದ ತೋರಿಸಬೇಕು. ಆಮೇಲೆ ಅದು ಸಾಮಾಜಿಕ ಜಾಲತಾಣಗಳಲ್ಲಿ ಎಲ್ಲರಿಗೂ ಕಾಣುವ ಪುಟಗಳನ್ನೆಲ್ಲ ಹಗಲೂರಾತ್ರಿ ಜಾಲಾಡುತ್ತದೆ. ಎಲ್ಲಾದರೂ ಆ ಮುಖ ಕಂಡರೆ ತಕ್ಷಣ ಫೋನಿಗೆ ಸೂಚನೆ ಬರುತ್ತದೆ, ಫೋಟೋ ಸಮೇತ. ಹಾಕಿದವರನ್ನು ಕೇಳಿಕೊಂಡು ತೆಗೆಸಬಹುದು. ತಿಂಗಳಿಗೊಮ್ಮೆ ಶುಲ್ಕ ಕಟ್ಟಬೇಕು. ಅವಳು ತನ್ನ ಖರ್ಚಿನಲ್ಲಿ ಏನೇನೋ ಕಡಿಮೆ ಮಾಡಿ ಅದನ್ನು ಹಾಕಿಸಿಕೊಂಡಳು.

ಅತ್ತೆ ಅದಕ್ಕೆ 'ನಾಯಿ' ಎಂದು ಹೆಸರಿಟ್ಟರು. ಸಂಜೆ ಸೊಸೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ, "ಏನಂತೆ ನಿನ್ನ ನಾಯಿ? ಇವತ್ತು ಬೊಗಳಿತಾ?" ಎಂದು ಕೇಳುವುದು ರೂಢಿಯಾಯಿತು. "ಇಲ್ಲ ಅತ್ತೆ" ಎಂದರೆ, "ಹಾಗಾದ್ರೆ ಸಂಬಳ ತಗೊಂಡು ಮಲಗಿದೆ ಬಿಡು" ಎಂದು ನಗುತ್ತಿದ್ದರು.

ನಡುವೆ ಎರಡು ಬಾರಿ ಸೂಚನೆ ಬಂದಿತ್ತು. ಒಮ್ಮೆ ಸೋದರಮಾವನ ಮಗಳು ತನ್ನ ಮದುವೆಯ ಹಳೆಯ ಫೋಟೋ ಹಾಕಿದ್ದಳು. ಇನ್ನೊಮ್ಮೆ ಶಾಲೆಯ ಗೆಳತಿಯೊಬ್ಬಳು ಜಡೆ ಹಾಕಿಕೊಂಡ ಹುಡುಗಿಯರ ಸಾಲಿನ ಫೋಟೋ. ಎರಡೂ ಯಾವ ಕಾಲದವೋ. ಅವುಗಳಿಂದ ಅವಳು ಈಗ ಎಲ್ಲಿದ್ದಾಳೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಆ್ಯಪು ಅಷ್ಟು ಹಳೆಯದನ್ನೂ ಹುಡುಕಿತಲ್ಲ ಎಂದು ಅವಳ ನಂಬಿಕೆ ಬಲವಾಯಿತು. ಬೀದಿಯಲ್ಲಿ ತಲೆಯೆತ್ತಿ ನಡೆಯತೊಡಗಿದಳು. ಭಾನುವಾರ ಪುಟ್ಟಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗುವಷ್ಟು ಧೈರ್ಯ ಬಂತು.

ಅವರಿದ್ದದ್ದು ಮೊದಲ ಮಹಡಿಯಲ್ಲಿ. ಬೀದಿಯಿಂದ ನೇರ ಮೇಲಕ್ಕೆ ಕಡಿದಾದ ಕಲ್ಲಿನ ಮೆಟ್ಟಿಲು. ಕೆಳಗಿನ ಮಳಿಗೆ ಬಹಳ ದಿನ ಖಾಲಿಯಿತ್ತು. ಅಲ್ಲಿಗೆ ಒಬ್ಬ ಕನ್ನಡಕದಂಗಡಿಯವನು ಬಂದ. ಅಂಗಡಿ ತೆರೆದ ದಿನ ಬೆಳಿಗ್ಗೆ ಹೊಸ ಬೋರ್ಡು ತೂಗುಹಾಕಿ, ಎದುರಿನ ರಸ್ತೆಯಲ್ಲಿ ನಿಂತು ಫೋಟೋ ತೆಗೆದ. ಮಧ್ಯಾಹ್ನ ಅದನ್ನು ತನ್ನ ಅಂಗಡಿಯ ಪುಟದಲ್ಲಿ ಹಾಕಿದ.

ಅವಳಾಗ ಕೆಲಸದಲ್ಲಿದ್ದಳು. ಯಾರದೋ ಕೆಳದವಡೆಯ ಸೆಟ್ಟು ಕೈಯಲ್ಲಿತ್ತು. ಫೋನು ಸದ್ದು ಮಾಡಿತು. ತೆರೆದು ನೋಡಿದರೆ, ಬೋರ್ಡು, ಅದರ ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಪಕ್ಕದ ಮೆಟ್ಟಿಲಿನ ಕೊನೆಯಲ್ಲಿ ಊಟದ ಚೀಲ ಹಿಡಿದು ಇಳಿಯುತ್ತಿರುವ ಅವಳು. ಮುಖ ಕ್ಯಾಮೆರಾ ಕಡೆಗೇ ತಿರುಗಿತ್ತು. ಆ್ಯಪು ಅದರ ಸುತ್ತ ಹಸಿರು ಚೌಕ ಎಳೆದಿತ್ತು.

ಕಾರ್ಖಾನೆಯ ಮಾಲೀಕನಿಗೆ ಹೇಳಿ ಅಂಗಡಿಗೆ ಓಡಿಬಂದು, ಫೋಟೋ ಅಳಿಸಿ ಎಂದಳು.

"ಅಯ್ಯೋ, ನೀವು ಅದ್ರಲ್ಲಿ ಬಂದಿದ್ರಿಂದ್ಲೇ ಫೋಟೋಗೆ ಒಂದು ಕಳೆ ಬಂದಿತ್ತಲ್ಲ ಮೇಡಂ" ಎಂದು ಅಂಗಡಿಯವನು ತಮಾಷೆ ಮಾಡಹೊರಟ. ಅವಳ ಮುಖ ನೋಡಿದವನೇ ಮಾತು ನಿಲ್ಲಿಸಿದ. ಕಾರಣ ಕೇಳಲಿಲ್ಲ. ಅವಳ ಕಣ್ಣೆದುರಿಗೇ ಫೋಟೋ ಅಳಿಸಿ, ಅಳಿಸಿದ್ದನ್ನು ತೋರಿಸಿ, ಒಂದು ಲೋಟ ನೀರು ಕೊಟ್ಟ. "ಹಾಕಿ ಇನ್ನೂ ಅರ್ಧ ಗಂಟೆ ಆಗಿಲ್ಲ. ನಮ್ಮ ಹೆಂಡ್ತಿ ಬಿಟ್ರೆ ಒಬ್ರೂ ನೋಡಿರಲ್ಲ, ಬಿಡಿ."

ಅಂದು ಸಂಜೆ ಅತ್ತೆ, "ನಾಯಿ ಬೊಗಳ್ತಂತೆ?" ಎಂದು ಕೇಳಿದರು. ಅವಳು ನಡೆದದ್ದು ಹೇಳಿದಳು. "ಪರ್ವಾಗಿಲ್ಲ, ತಿಂದ ಅನ್ನಕ್ಕೆ ಕೆಲಸ ಮಾಡ್ತು" ಎಂದರು ಅತ್ತೆ.

ಅದೇ ವಾರ ಆ್ಯಪಿನಿಂದ ಇನ್ನೊಂದು ಸಂದೇಶ ಬಂತು. ಅದು ಎಚ್ಚರಿಕೆಯಂತಿರಲಿಲ್ಲ, ಜಾಹೀರಾತಿನಂತಿತ್ತು. ಸುತ್ತ ಬಣ್ಣದ ಅಂಚು, ನಡುವೆ ನಗುಮುಖದ ಚಿತ್ರ. 'ನಿಮ್ಮ ಮುಖ ನಮ್ಮಲ್ಲಿ ಇನ್ನೊಂದು ಖಾತೆಯಲ್ಲೂ ನೋಂದಣಿಯಾಗಿದೆ. ಎರಡೂ ನಿಮ್ಮವೇ ಆಗಿದ್ದರೆ ಒಂದುಗೂಡಿಸಿ, ಶುಲ್ಕ ಉಳಿಸಿ.'

ಅವಳು ಅದನ್ನು ಎರಡು ಸಲ ಓದಿದಳು. ಅರ್ಥವಾಗಲಿಲ್ಲ. ಅತ್ತೆಗೆ ಓದಿ ಹೇಳಿದಳು. ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

"ಅದಕ್ಕೆ ಮುಖ ತೋರಿಸೋವಾಗ ನೀನೇ ಎದುರಿಗೆ ಕೂತಿರ್ಬೇಕಾ?"

"ಹಾಗೇನಿಲ್ಲ. ಫೋಟೋ ಹಾಕಿದ್ರೂ ಆಗತ್ತೆ."

"ಅವ್ನ ಹತ್ರ ನಿನ್ನ ಫೋಟೋ ಎಷ್ಟಿವೆ?"

ಅವಳು ಮನಸ್ಸಿನಲ್ಲೇ ಎಣಿಸಿದಳು. ತರಕಾರಿ ಅಂಗಡಿ, ಬಸ್ ನಿಲ್ದಾಣ, ಆಸ್ಪತ್ರೆಯ ಸಾಲು. ಎಡಗಡೆಯಿಂದ, ಬಲಗಡೆಯಿಂದ, ನಗುತ್ತ, ನಗದೆ. ಎಲ್ಲವನ್ನೂ ಅವಳೇ ತೆಗೆದು ಕಳಿಸಿದ್ದಳು. 'ಇದು ನನ್ನ ಮುಖ, ಎಲ್ಲಿ ಕಂಡರೂ ತಿಳಿಸಿ' ಎಂದು ಅವನೂ ಅದೇ ಆ್ಯಪಿಗೆ ಶುಲ್ಕ ಕಟ್ಟಿದ್ದ. ಅವಳಿಗೆ ಬಂದ ಸೂಚನೆಯೆಲ್ಲ ಅದೇ ಗಳಿಗೆಯಲ್ಲಿ ಅವನ ಫೋನಿಗೂ ಹೋಗಿತ್ತು. ಬೋರ್ಡು, ನಂಬರು, ಮೆಟ್ಟಿಲು, ಊಟದ ಚೀಲ, ಎಲ್ಲ.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದಳು. ಬಲಗಿವಿಗೆ ಫೋನು ಒತ್ತಿಹಿಡಿದು, ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ನಿಂತು ಎಲ್ಲ ಹೇಳಿದಳು. ಆ ಕಡೆಯ ಹುಡುಗಿಯ ದನಿಯಲ್ಲಿ ತುಂಬ ವಿನಯವಿತ್ತು.

"ಕ್ಷಮಿಸಿ ಮೇಡಂ, ಇನ್ನೊಂದು ಖಾತೆ ಯಾರದ್ದು ಅಂತ ಹೇಳೋಕೆ ಬರಲ್ಲ. ಪ್ರತಿ ಗ್ರಾಹಕರ ಗೋಪ್ಯತೆನೂ ನಮಗೆ ಮುಖ್ಯ."

"ಅದು ನನ್ನ ಮುಖ ಕಣಮ್ಮ. ನನ್ನ ಮುಖ ಇಟ್ಕೊಂಡು ಇನ್ಯಾರದ್ದೋ ಗೋಪ್ಯತೆ ಕಾಪಾಡ್ತಾ ಇದೀರಾ?"

"ನಿಮ್ಮ ತೊಂದ್ರೆ ನಂಗೆ ಅರ್ಥ ಆಗತ್ತೆ ಮೇಡಂ. ಆದ್ರೆ ಆ ಖಾತೆ ನಿಮ್ಮದಕ್ಕಿಂತ ಮೊದ್ಲೇ ತೆರೆದಿದ್ದು. ಮುಖ ನಿಮ್ಮದೇ ಅಂತ ಸಾಬೀತು ಮಾಡೋಕೆ ನೀವು ಗುರುತಿನ ಚೀಟಿ, ಈಗಿನ ವಿಳಾಸದ ದಾಖಲೆ ಕಳಿಸ್ಬೇಕು. ಆಮೇಲೆ ಆ ಖಾತೆದಾರರಿಗೂ ಒಂದು ನೋಟಿಸ್ ಹೋಗತ್ತೆ. ಅವ್ರು ಆಕ್ಷೇಪಣೆ ಹೇಳ್ಬೋದು."

"ನಾನು ವಿಳಾಸ ಕಳಿಸಿದ್ದು ಅವನಿಗೆ ಗೊತ್ತಾಗತ್ತಾ?"

"ನೀವು ದೂರು ಕೊಟ್ಟಿದ್ದು ಗೊತ್ತಾಗತ್ತೆ ಮೇಡಂ" ಎಂದಳು. ದನಿಯಲ್ಲಿ ವಿನಯ ಹಾಗೇ ಇತ್ತು, ಆದರೆ ತಗ್ಗಿತ್ತು. "ನಾನು ಹೇಳ್ದೆ ಅನ್ಬೇಡಿ, ನೀವು ಆ ಊರು ಬಿಡೋದೇ ಒಳ್ಳೇದು."

ವಕೀಲೆಯೂ ಅದನ್ನೇ ಹೇಳಿದರು. ಜೊತೆಗೆ ತಮ್ಮನ್ನೇ ಬೈದುಕೊಂಡರು. "ಕಾವಲಿಗೆ ಅಂತ ನಾನೇ ಕಳ್ಳನ ಕಣ್ಣು ತಂದಿಟ್ಟೆನಲ್ಲಮ್ಮ ನಿನ್ನ ಮನೇಲಿ." ಆ ಖಾತೆ ಮುಚ್ಚಿಸಲು ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತೇನೆ, ಆದೇಶ ಬರುವವರೆಗೆ ಇನ್ನೊಂದು ಊರಿನಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿರಿ ಎಂದರು. ಠಾಣೆಯಲ್ಲಿ ದೂರು ತೆಗೆದುಕೊಂಡರು. ತೆಗೆದುಕೊಂಡವನು, "ಅವನಿನ್ನೂ ಬಂದೇ ಇಲ್ವಲ್ಲ. ಬಂದ್ರೆ ಹೇಳಿ" ಎಂದ.

ಅವಳು ಮೂವರ ಬಟ್ಟೆಯನ್ನೂ ತುಂಬಿದಳು. ಅತ್ತೆ ತಮ್ಮದನ್ನು ಹೊರಗೆ ತೆಗೆದಿಟ್ಟರು.

"ನಾನು ಬರಲ್ಲ."

"ಅತ್ತೆ, ಹಟ ಮಾಡೋ ಹೊತ್ತಲ್ಲ ಇದು."

"ಕೇಳು ಇಲ್ಲಿ. ಅವ್ನು ಬಂದಾಗ ಮನೆ ಬೀಗ ಹಾಕಿದ್ರೆ ಇಡೀ ಊರು ಜಾಲಾಡ್ತಾನೆ. ನಿನ್ನ ಕಾರ್ಖಾನೆಗೆ ಹೋಗ್ತಾನೆ, ಪುಟ್ಟಿ ಶಾಲೆಗೆ ಹೋಗ್ತಾನೆ, ಯಾರದ್ದೋ ಬಾಯಿ ಬಿಡಿಸ್ತಾನೆ. ನಾನಿದ್ರೆ ಇಲ್ಲೇ ಕೂರ್ತಾನೆ. ನನ್ನ ಹತ್ರ ಜಗಳ ಆಡಿ, ಅತ್ತು, ವಾಪಸ್ ಹೋಗ್ತಾನೆ."

"ನಿಮ್ಮ ಮೇಲೆ ಕೈ ಮಾಡಿದ್ರೆ?"

"ಹೆತ್ತಿದೀನಿ. ಅವ್ನು ಯಾವಾಗ ಕೈ ಎತ್ತುತಾನೆ ಅಂತ ನಂಗೊತ್ತು."

ಆ ಮಾತಿನ ಹಿಂದೆ ಇನ್ನೊಂದು ಮಾತಿದೆ ಎಂದು ಸೊಸೆಗೆ ತಿಳಿಯಿತು. ಅತ್ತೆಗೆ ಮಗನ ಮುಖ ನೋಡಬೇಕಿತ್ತು. ಇಷ್ಟು ದಿನ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಆಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಕೆಳಗೆ ಇಳಿದು ಕನ್ನಡಕದಂಗಡಿಯವನಿಗೆ ಎಲ್ಲ ಹೇಳಿ, ಮೇಲಿನ ಮನೆ ಕಡೆ ಒಂದು ಕಿವಿ ಇಟ್ಟಿರಿ ಎಂದು ಕೇಳಿಕೊಂಡು, ಪುಟ್ಟಿಯ ಕೈಹಿಡಿದು ಬಸ್ಸು ಹತ್ತಿದಳು.

ಅವನು ಬಂದದ್ದು ಎರಡು ದಿನಗಳ ನಂತರ, ಮಧ್ಯಾಹ್ನ. ನಡೆದದ್ದನ್ನು ಅತ್ತೆ ಮುಂದೆ ಹೇಳಿದರು, ಉಳಿದದ್ದನ್ನು ಅಂಗಡಿಯವನು.

ಅವನ ಕೈಯಲ್ಲಿ ಪುಟ್ಟಿಗೆಂದು ತಂದ ಗೊಂಬೆಯಿತ್ತು. ಬಾಗಿಲು ತೆರೆದ ತಾಯಿಯನ್ನು ನೋಡಿ ಅವನ ಕಣ್ಣು ತುಂಬಿತು. "ಎಷ್ಟು ಇಳಿದು ಹೋಗಿದೀಯಮ್ಮ" ಎಂದ. "ಕೂತ್ಕೋ. ಉಂಡಿದೀಯಾ?" ಎಂದರು ಅತ್ತೆ. ಅವನು ಉಂಡಿರಲಿಲ್ಲ. ಬಡಿಸಿದರು. ತಲೆ ತಗ್ಗಿಸಿ ಚೆನ್ನಾಗಿ ಉಂಡ, ಎರಡನೆಯ ಸಲ ಹಾಕಿಸಿಕೊಂಡ. ಕೈ ತೊಳೆದು ಬಂದು, "ಅವ್ಳನ್ನ ಕ್ಷಮಿಸಿದೀನಿ, ಎಲ್ಲಿದಾಳೆ ಹೇಳು" ಎಂದ.

"ಗೊತ್ತಿಲ್ಲ ಕಣೋ. ನಂಗೆ ಹೇಳಿ ಹೋಗಿಲ್ಲ."

"ಸುಳ್ಳು ಹೇಳೋಕೆ ಯಾವಾಗ ಕಲಿತೆ?"

"ನಿಮ್ಮಪ್ಪನ ಹತ್ರ ಇದ್ದಾಗ."

ಅವನು ಸಿಟ್ಟಾಗಲಿಲ್ಲ. ನಗುತ್ತ ಫೋನು ತೆಗೆದು ತಾಯಿಯ ಎದುರು ಹಿಡಿದ. ಅದರಲ್ಲಿ ಸೊಸೆಯ ಮುಖವಿತ್ತು, ಕೆಳಗೆ ಸಣ್ಣ ಸಣ್ಣ ಚೌಕಗಳಲ್ಲಿ ಅವಳೇ, ಮತ್ತೆ ಅವಳೇ. "ನೀನು ಹೇಳೋದೇ ಬೇಡಮ್ಮ. ಎಲ್ಲಿಗೇ ಹೋಗ್ಲಿ, ಯಾವತ್ತಾದ್ರೂ ಒಂದಿನ ಯಾರೋ ಫೋಟೋ ತೆಗೀತಾರೆ. ಇದು ಹೇಳತ್ತೆ ನಂಗೆ. ನಂಗೇನು ಅವಸರ ಇಲ್ಲ."

ಆ ತಾಳ್ಮೆ ಅತ್ತೆಗೆ ಹೊಸದು. ಸಿಟ್ಟಿನ ಮಗನನ್ನು ಬಲ್ಲರು, ಅಳುವ ಮಗನನ್ನು ಬಲ್ಲರು. ಹೀಗೆ ನಗುತ್ತ ಕಾಯುವವನನ್ನು ಅವರು ನೋಡಿರಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಆ ಫೋನು ಕಿತ್ತುಕೊಂಡು ಬಾಗಿಲು ದಾಟಿದರು. ಅವನು ಮೆಟ್ಟಿಲಿನ ಮೇಲ್ತುದಿಯಲ್ಲಿ ಅವರನ್ನು ಹಿಡಿದ. ಒಂದು ಕೈಯಲ್ಲಿ ಫೋನು ಎಳೆದ, ಇನ್ನೊಂದು ಕೈಯಲ್ಲಿ ತಾಯಿಯನ್ನು ತಳ್ಳಿದ.

ಸದ್ದಿಗೆ ಅಂಗಡಿಯವನು ಹೊರಗೆ ಬಂದಾಗ ಅತ್ತೆ ಕೆಳಗೆ ಬಿದ್ದಿದ್ದರು. ಫೋನು ಅವನ ಕೈಗೂ ಸಿಗದೆ ಮೆಟ್ಟಿಲ ಮೇಲೆ ಉರುಳಿ ಅಂಗಡಿಯ ಬಾಗಿಲಿಗೆ ಬಂದಿತ್ತು. ಗಾಜು ಒಡೆದಿತ್ತು, ಒಳಗೆ ಮುಖ ಹಾಗೇ ಬೆಳಗುತ್ತಿತ್ತು. ಅಂಗಡಿಯವನು ಅದನ್ನೆತ್ತಿ ಜೇಬಿಗೆ ಹಾಕಿಕೊಂಡು ಪೊಲೀಸರಿಗೂ ಆಂಬುಲೆನ್ಸಿಗೂ ತನ್ನ ಫೋನಿನಿಂದ ಕರೆ ಮಾಡಿದ. ಮಗ ಓಡಿಹೋಗಲಿಲ್ಲ. ಕೆಳಗಿಳಿದು ಬಂದು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಅಮ್ಮಾ, ನೋಡಿಲ್ಲಿ, ಅಮ್ಮಾ" ಎನ್ನುತ್ತ ಪೊಲೀಸರು ಬಂದು ಕರೆದೊಯ್ಯುವವರೆಗೂ ಕೂತಿದ್ದ.

ಸೊಸೆ ಆಸ್ಪತ್ರೆಗೆ ಬಂದಾಗ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿತ್ತು. ಪೊಲೀಸರಿಗೆ ಅತ್ತೆ, "ಕಾಲು ಜಾರಿತು, ಬಿದ್ದೆ" ಎಂದಷ್ಟೇ ಹೇಳಿದ್ದರು.

ಅವಳು ಮಂಚದ ಪಕ್ಕ ಕೂತು ಅತ್ತೆಯ ಕೈ ಹಿಡಿದಳು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅದರ ಬದಲು ಹೊದಿಕೆ ಸರಿಮಾಡಿದಳು.

"ಅವ್ನಿಗೆ ಒಳಗೆ ಊಟ ಕೊಡ್ತಾರಾ?" ಎಂದು ಅತ್ತೆ ಕೇಳಿದರು.

"ಕೊಡ್ತಾರೆ."

"ನಾನೇ ಜಾರಿದೆ ಅಂದ್ರೆ ಏನಾಗತ್ತೆ?"

"ಬಿಟ್ಟುಬಿಡ್ತಾರೆ ಅತ್ತೆ. ಫೋನೂ ವಾಪಸ್ ಕೊಡ್ತಾರೆ."

ಅತ್ತೆ ಗೋಡೆ ಕಡೆ ಮುಖ ಮಾಡಿದರು. ನರ್ಸು ಬಂದು ಜ್ವರ ನೋಡಿ ಹೋದಳು. ಪಕ್ಕದ ಮಂಚದವಳ ಸಂಬಂಧಿಕರು ಬಂದು ಕೂತು ಹೋದರು. ಆಮೇಲೆ ಅತ್ತೆ ಈ ಕಡೆ ತಿರುಗದೆಯೇ, "ವಕೀಲಮ್ಮನ್ನ ಕರಿ" ಎಂದರು.

ಕೇಸು ನಡೆಯಿತು. ನ್ಯಾಯಾಲಯದಲ್ಲಿ ಅತ್ತೆ ಗಾಲಿಕುರ್ಚಿಯಲ್ಲಿ ಕೂತು, "ತಳ್ಳಿದ. ನನ್ನ ಮಗನೇ ತಳ್ಳಿದ" ಎಂದರು. ಹೇಳುವಾಗ ಮಗನನ್ನು ನೋಡಿದರು. ಮುಗಿದ ಮೇಲೆ ನೋಡಲಿಲ್ಲ. ಅಂಗಡಿಯವನು ಪೊಲೀಸರಿಗೆ ಒಪ್ಪಿಸಿದ್ದ ಫೋನಿನಲ್ಲಿ ಆ ಖಾತೆಯೂ ಸಿಕ್ಕಿದ್ದರಿಂದ ವಕೀಲೆಯ ಕೆಲಸ ಹಗುರವಾಯಿತು. ಅವನಿಗೆ ಒಂದೂವರೆ ವರ್ಷದ ಸಜೆಯಾಯಿತು. ಕಂಪನಿ ನ್ಯಾಯಾಲಯದ ಆದೇಶ ಬಂದ ಮೇಲೆ ಆ ಖಾತೆ ಮುಚ್ಚಿತು, ತಾನು ನಿಯಮದ ಪ್ರಕಾರವೇ ನಡೆದುಕೊಂಡೆ ಎಂದು ಹೇಳಿಕೊಂಡಿತು. ಅವಳು ತನ್ನ ಖಾತೆಯನ್ನೂ ಅಳಿಸಿದಳು. ಮುಖವನ್ನು ಪೂರ್ತಿ ಅಳಿಸಲು ಕೆಲವು ತಿಂಗಳು ಹಿಡಿಯಬಹುದು ಎಂದು ಉತ್ತರ ಬಂತು. ಇಂಥವೇ ಬೇರೆ ಹೆಸರಿನ ಆ್ಯಪುಗಳು ಇನ್ನೆಷ್ಟೋ ಇವೆ ಎಂದು ವಕೀಲೆ ಹೇಳಿದರು. ಅವುಗಳಲ್ಲಿ ಎಲ್ಲೆಲ್ಲಿ ಅವನು ಅವಳ ಫೋಟೋ ಹಾಕಿದ್ದಾನೆಂದು ತಿಳಿಯುವ ದಾರಿಯಿರಲಿಲ್ಲ.

ಈಗ ಅವರು ಮೂರನೆಯ ಊರಿನಲ್ಲಿ, ಇಲ್ಲೂ ಮಹಡಿಯ ಮೇಲಿನ ಮನೆಯಲ್ಲಿದ್ದಾರೆ. ಅವಳು ಮತ್ತೆ ಮೇಣದ ಕೆಲಸ ಹುಡುಕಿಕೊಂಡಿದ್ದಾಳೆ. ಬೀದಿಯಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೆ ತಲೆ ತಗ್ಗಿಸಿ ಬದಿಗೆ ಸರಿಯುತ್ತಾಳೆ. ಪುಟ್ಟಿಯೂ ಹಾಗೇ ಮಾಡುವುದನ್ನು ಕಲಿತಿದ್ದಾಳೆ. ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಯ ಗುಂಪಿನ ಫೋಟೋಗೆ ನಿಲ್ಲು ಎಂದರೆ ಹೊಟ್ಟೆನೋವು ಎನ್ನುತ್ತಾಳಂತೆ.

ಒಂದು ದಿನ ಅತ್ತೆ, "ಅವ್ನನ್ನ ಒಂದ್ಸಲ ನೋಡ್ಬೇಕು" ಎಂದರು. ಸೊಸೆ ವಕೀಲೆಗೆ ಹೇಳಿದಳು. ವಕೀಲೆ ಅತ್ತೆಯನ್ನು ತಮ್ಮ ಕಚೇರಿಗೆ ಕರೆಸಿಕೊಂಡು, ಅಲ್ಲಿಂದ ತಾವೇ ಜೈಲಿಗೆ ಕರೆದೊಯ್ದು, ತಾವೇ ವಾಪಸು ಬಿಟ್ಟರು.

ಮನೆಗೆ ಬಂದ ಅತ್ತೆ ಕೋಲು ಮೂಲೆಗಿಟ್ಟು ಮಂಚದ ಮೇಲೆ ಕೂತರು.

"ಸೊರಗಿದಾನೆ" ಎಂದರು.

"ಏನಂದ?"

"ನಿನ್ನ ಬಗ್ಗೆ ಏನೂ ಕೇಳ್ಲಿಲ್ಲ. ಅದಕ್ಕೇ ಭಯ ಆಯ್ತು."

ಸೊಸೆ ತಟ್ಟೆ ಹಾಕಿದಳು. ಪುಟ್ಟಿ ಬಂದು ಅಜ್ಜಿಗೆ ಒತ್ತಿಕೊಂಡು ಕೂತಳು. ಮೂವರೂ ಉಂಡರು. ಬಿಡುಗಡೆಗೆ ಇನ್ನು ಹೆಚ್ಚು ತಿಂಗಳು ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ತಟ್ಟೆ ತೊಳೆಯಲು ಅವಳು ಎದ್ದಾಗ ಅತ್ತೆ ಹಿಂದಿನಿಂದ ಕರೆದರು. ಅವಳ ಎಡಗಿವಿಗೆ ಕೇಳಿಸಲಿಲ್ಲ. ಅತ್ತೆ ಮತ್ತೆ ಜೋರಾಗಿ ಹೇಳಿದರು.

"ಮುಂದಿನ ಊರಲ್ಲಾದ್ರೂ ಕೆಳಗಿನ ಮನೆ ನೋಡು ಕಣೇ. ಈ ಸೊಂಟ ಇಟ್ಕೊಂಡು ಮಹಡಿ ಹತ್ತೋಕೆ ನನ್ನ ಕೈಲಾಗಲ್ಲ."